ಒದ್ದೆ ತೋಳಿನ ಮರ್ವ್

ಮರ್ವ್ ಪೆಂಗೆಲ್ಲಿಯ ಅಂಗಿಗಳಲ್ಲೆಲ್ಲ ಬಲತೋಳಿಗೆ ಮಾತ್ರ ಬೇಗ ಮುಪ್ಪು ಬರುತ್ತಿತ್ತು. ಎಡತೋಳಿನ ನೀಲಿ ಅಂಗಡಿಯಿಂದ ಈಗಷ್ಟೇ ತಂದಂತಿದ್ದರೆ, ಬಲತೋಳು ಉಪ್ಪು ಕುಡಿದು, ಬಿಳಿಚಿ, ಒಣಗಿದ ಹಪ್ಪಳದಂತೆ ಸೆಟೆದು ನಿಲ್ಲುತ್ತಿತ್ತು. ಕಡಲತೀರದ ಬೋವೆನ್ ಊರಿನ ಜನ ಅವನನ್ನು ದೂರದಿಂದ ಗುರುತಿಸುತ್ತಿದ್ದದ್ದು ಆ ತೋಳಿನಿಂದ, ಮತ್ತೆ ದೋಣಿ ನಿಲ್ಲುವ ಜೆಟ್ಟಿಯಿಂದ ಸಮುದ್ರದ ನೀರು ಹೊತ್ತು ಹೊತ್ತು ಒಂದು ಪಕ್ಕಕ್ಕೆ ವಾಲಿದ ನಡಿಗೆಯಿಂದ. ಕೈಯಲ್ಲಿ ಬಕೆಟ್ ಇಲ್ಲದ ದಿನವೂ ಬಕೆಟ್ ಹೊತ್ತವನಂತೆಯೇ ನಡೆಯುತ್ತಿದ್ದ.

ಆ ತೋಳು ಇಳಿಯುತ್ತಿದ್ದದ್ದು ಹಜಾರದ ಗಾಜಿನ ತೊಟ್ಟಿಯೊಳಕ್ಕೆ. ಅಲ್ಲಿ ಜಿಂಕೆಯ ಕೊಂಬಿನಂತೆ ಕವಲೊಡೆದು, ತುದಿತುದಿಗೂ ನೇರಳೆ ಬಣ್ಣ ತಳೆದ ಹವಳವೊಂದಿತ್ತು. ರೈಲ್ವೆಯಿಂದ ನಿವೃತ್ತನಾದ ವರ್ಷ ಹೆಬ್ಬೆರಳಷ್ಟು ತುಣುಕಾಗಿ ಬಂದದ್ದು ಅವನ ಕಣ್ಣೆದುರಿಗೇ ಪೊದೆಯಾಗಿತ್ತು. ಹವಳವೆಂದರೆ ನೀರಿನಿಂದ ಸುಣ್ಣ ಹೀರಿ ತನ್ನ ಮೂಳೆಯನ್ನು ತಾನೇ ಕಟ್ಟಿಕೊಳ್ಳುವ ಜೀವ. ನೀರಿನ ಉಪ್ಪು, ಸುಣ್ಣ, ಕ್ಷಾರ ಎಲ್ಲವೂ ಹದದಲ್ಲಿರಬೇಕು. ಹದ ತಪ್ಪಿದರೆ ಅದು ಕೂಗುವುದಿಲ್ಲ, ಒದ್ದಾಡುವುದಿಲ್ಲ, ಸದ್ದಿಲ್ಲದೆ ಬೆಳ್ಳಗಾಗುತ್ತದೆ. ಆ ಮೌನವೇ ಮರ್ವ್‌ನನ್ನು ತಿನ್ನುತ್ತಿತ್ತು. ಅಳುವ ಮಗುವಾದರೆ ಎತ್ತಿಕೊಳ್ಳಬಹುದಿತ್ತು.

ಹಾಗಾಗಿ ಅವನು ನೀರು ಪರೀಕ್ಷಿಸುತ್ತಿದ್ದ. ಚಿಕ್ಕ ಗಾಜಿನ ನಳಿಕೆಗೆ ನೀರು ತುಂಬಿ, ಔಷಧದ ಬಾಟಲಿಯಿಂದ ಹನಿ ಹನಿಯಾಗಿ ಬಿಟ್ಟು, ಕಿಟಕಿಯ ಬೆಳಕಿಗೆ ಹಿಡಿದು ಹೆಂಡತಿಯನ್ನು ಕೂಗುತ್ತಿದ್ದ.

"ಎನಿಡ್, ನೀಲಿನೇ ಇದೆಯಾ, ಹಳದಿಗೆ ತಿರುಗ್ತಾ?"

"ಹಳದಿ."

"ಎಂಥ ಹಳದಿ?"

"ಹಳದಿ ಅಂದ್ರೆ ಹಳದಿ ಮಾರಾಯಾ! ಮದ್ವೆ ದಿನಾನೂ ನನ್ ಮುಖಾನ ಇಷ್ಟೊತ್ತು ನೋಡಿರ್ಲಿಲ್ಲ ನೀನು."

"ಇರ್ಲಿ, ಇನ್ನೊಂದ್ ಸಲ ನೋಡೋಣ."

ಈ 'ಇನ್ನೊಂದ್ ಸಲ ನೋಡೋಣ' ಅವನ ಉಸಿರಿನ ಜೊತೆಗೇ ಬರುತ್ತಿದ್ದ ಮಾತು. ಹಾಕಿದ ಚಿಲಕವನ್ನು, ಆರಿಸಿದ ಒಲೆಯನ್ನು, ನಿದ್ದೆಹೋದ ಹೆಂಡತಿಯನ್ನು ಅವನು ಇನ್ನೊಂದು ಸಲ ನೋಡುತ್ತಿದ್ದ. ಬಣ್ಣ ಬೇಗ ತಿರುಗಿದರೆ ಕ್ಷಾರ ಕಡಿಮೆಯೆಂದು ಅರ್ಥ. ಆಗ ಕ್ಷಾರ ಏರಿಸಲು ಅಡುಗೆ ಸೋಡಾವನ್ನು ಎನಿಡ್‌ಳ ಸ್ಕೋನ್ ಬನ್ನು ಬೇಯಿಸುವ ತಟ್ಟೆಯ ಮೇಲೆ ಹರಡಿ, ಅವಳದೇ ಓವನ್ನಿನಲ್ಲಿ ಕಾಯಿಸಿ, ನೀರಿನಲ್ಲಿ ಕದಡಿ ತೊಟ್ಟಿಗೆ ಸುರಿಯುತ್ತಿದ್ದ. ಅವರ ಮನೆಗೆ ಚಹಾಕ್ಕೆ ಬಂದವರು ಸ್ಕೋನ್ ಮುರಿದು, ಮೂಸಿ ನೋಡಿ ಬಾಯಿಗಿಡುತ್ತಿದ್ದರು.

ಊರಿನ ಹವಳ ಸಾಕುವವರಲ್ಲಿ ಒಂದು ರೂಢಿಯಿತ್ತು. ಬೆಳೆದ ಕವಲನ್ನು ಮುರಿದು ಒಬ್ಬರಿಗೊಬ್ಬರು ಹಂಚುವುದು. ಒಂದು ಮನೆಯಲ್ಲಿ ಸತ್ತದ್ದು ಇನ್ನೊಂದು ಮನೆಯಲ್ಲಿ ಉಳಿದಿರುತ್ತದೆ. ಮರ್ವ್ ಮಾತ್ರ ಕೊಡುತ್ತಿರಲಿಲ್ಲ. ಜಿಪುಣತನವಲ್ಲ, ಬೇರೆಯವರ ನೀರೆಂದರೆ ಭಯ. ಒಮ್ಮೆ ತೊಟ್ಟಿಯೊಳಗಿನ ಶಂಖದ ಹುಳುವೊಂದು ಮೇಲೆ ಉರುಳಿ ಕವಲು ತಾನಾಗಿ ಮುರಿದಾಗ, ಕರಿದ ಮೀನು, ಚಿಪ್ಸ್ ಮಾರುವ ಅಂಗಡಿಯ ಗ್ಲೆನಿಸ್, ತಾನೂ ಹವಳ ಸಾಕುವವಳು, ಎದುರಿಗೇ ಇದ್ದಳು, ಕೈಯೊಡ್ಡಿದಳು. ಇಲ್ಲವೆನ್ನಲಾಗದೆ ಕೊಟ್ಟ.

"ಇದು ಸತ್ರೆ ನಂಗೆ ಹೇಳ್ಬೇಡ," ಎಂದ.

ಅಂದಿನಿಂದ ಅವಳ ಅಂಗಡಿಯ ಬೀದಿಯನ್ನೇ ಬಿಟ್ಟ. ಹೆಸರೆತ್ತಿದರೆ ಎದ್ದು ಹೋಗುತ್ತಿದ್ದ.

ಮುಂದೊಂದು ವರ್ಷ ಮಾವು ಹಣ್ಣಾಗುವ ಬಿಸಿಲಿನಲ್ಲಿ ನೇರಳೆ ತುದಿಗಳು ಬಿಳಿಚಿಕೊಂಡವು. ಮರ್ವ್ ಹನಿ ಬಿಟ್ಟು ನೋಡಿದ: ಕ್ಷಾರ ಕಡಿಮೆ. ಸೋಡಾ ಕಾಯಿಸಿ ಸುರಿದ. ಮತ್ತೆ ನೋಡಿದ: ಇನ್ನೂ ಕಡಿಮೆ. ಮತ್ತೆ ಸುರಿದ. ಊಟ ಬಿಟ್ಟ, ಗಡ್ಡ ಬಿಟ್ಟ, ತೋಳು ಒಣಗುವುದನ್ನೇ ಬಿಟ್ಟಿತು. ಹವಳದ ಚರ್ಮ ತುದಿಯಿಂದ ಬುಡದತ್ತ ಸುಲಿಯುತ್ತ ಬಂತು.

"ಇಷ್ಟು ಸೋಡಾ ಎಲ್ಲಿಗೆ ಹೋಗ್ತಿದೆ ಮರ್ವ್?" ಎಂದಳು ಎನಿಡ್. ಕಿಟಕಿ ಒರೆಸುತ್ತಿದ್ದವಳು ಅಲ್ಲಿದ್ದ ಪರೀಕ್ಷೆಯ ಔಷಧದ ಬಾಟಲಿ ಎತ್ತಿದಳು. ಮುಚ್ಚಳ ಕೈಗೇ ಬಂತು. "ಇದನ್ನ ಬಿಗಿ ಮಾಡೋದೇ ಇಲ್ವಾ ನೀನು?"

"ಹೇಗೂ ಇನ್ನೊಂದ್ ಸಲ ನೋಡೋದಿರುತ್ತಲ್ಲ..." ಎಂದವನು ಅಲ್ಲಿಗೇ ನಿಂತ.

ಸಡಿಲ ಮುಚ್ಚಳದಡಿ, ಕಿಟಕಿಯ ಬಿಸಿಲಿಗೆ ನೀರಂಶ ಆರಿ ಆರಿ, ಔಷಧ ಗಾಢವಾಗಿತ್ತು. ಕಡಿಮೆ ಹನಿಗೇ ಬಣ್ಣ ತಿರುಗಿಸಿ ಸುಳ್ಳು ಹೇಳುತ್ತಿತ್ತು. ನೀರಿನಲ್ಲಿ ಕ್ಷಾರ ಎಂದೂ ಕಡಿಮೆಯಾಗಿರಲಿಲ್ಲ. ಅವನೇ ಸುರಿದು ಸುರಿದು ಹವಳವನ್ನು ಸುಟ್ಟಿದ್ದ. ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ಅದು ಬೇರೆ ಯಾರದೋ ಎಂಬಂತೆ ನೋಡುತ್ತ ಕುಳಿತ. ಬುಡದ ಕೊನೆಯ ಬಣ್ಣವೂ ಹೋದ ದಿನ ಎನಿಡ್ ಅವನ ಮುಂದೆ ಬೂಟು ತಂದಿಟ್ಟಳು.

"ಏಳು. ಚಿಪ್ಸ್ ತಿನ್ಬೇಕು ನಂಗೆ. ಗ್ಲೆನಿಸ್ ಹತ್ರಾನೇ."

ಕರಿದೆಣ್ಣೆಯ ವಾಸನೆಯ ನಡುವೆ, ಗಲ್ಲಾದ ಪಕ್ಕದ ತೊಟ್ಟಿಯಲ್ಲಿ, ಮುಷ್ಟಿಗಿಂತ ದೊಡ್ಡದಾದ ನೇರಳೆ ಪೊದೆ.

"ಬದುಕಿದೆ ಅಂತ ಹೇಳ್ಬಾರದಿತ್ತಾ?" ಮರ್ವ್‌ನ ಮೂಗು ಗಾಜಿಗೆ ತಾಗಿತ್ತು.

"ಸತ್ರೆ ಹೇಳ್ಬೇಡ ಅಂದಿದ್ದೆ. ಬದುಕಿದ್ರೆ ಏನ್ಮಾಡ್ಬೇಕು ಅಂತ ಹೇಳಿರ್ಲಿಲ್ವಲ್ಲ ಮಾರಾಯಾ!"

"ಕ್ಷಾರ ಎಷ್ಟಿಟ್ಟಿದ್ದೀಯ?"

"ನಿನ್ನೆ ಎಷ್ಟಿತ್ತೋ ಅಷ್ಟು. ಬೆಳಿಗ್ಗೆ ಎಣ್ಣೆ ಕಾಯೋದ್ರೊಳಗೆ ದಿನಾ ಹಾಕೋ ಅಳತೇನೇ ಹಾಕ್ತೀನಿ, ವಾರಕ್ಕೊಂದ್ ಸಲ ನೋಡ್ತೀನಿ. ಆಮೇಲೆ ಮೀನು ಕರೀತೀನಿ."

ಅವನ ಎಡಗೈ ತಾನಾಗಿ ಅಂಗಿಯ ಬಲತೋಳನ್ನು ಮಡಚತೊಡಗಿತ್ತು. ಗ್ಲೆನಿಸ್ ಇಕ್ಕಳದಿಂದ ಆ ಬೆರಳಿಗೆ ಮೆಲ್ಲನೆ ತಟ್ಟಿದಳು. "ಇದಕ್ಕೆ ಕೈ ಹಾಕೋಳು ನಾನು. ಒಂದು ಕವಲು ಕೊಡ್ತೀನಿ, ನಿನ್ ನೀರು ಸರಿಹೋಗಿ ನೆಮ್ಮದಿಯಾಗಿ ಕೂತ ಮೇಲೆ. ಅಲ್ಲೀವರೆಗೂ ಕಾಯಿ."

ಕಾಯುವುದೆಂಬ ಒಂದೇ ಮಾತಿನಲ್ಲಿ ನಾವು ಕಾಪಾಡುವುದನ್ನೂ ಹೇಳುತ್ತೇವೆ, ಸುಮ್ಮನೆ ಎದುರು ನೋಡುವುದನ್ನೂ ಹೇಳುತ್ತೇವೆ. ಮರ್ವ್‌ನಂಥವರಿಗೆ ಮೊದಲನೆಯದು ಹುಟ್ಟಿನೊಂದಿಗೇ ಬಂದಿರುತ್ತದೆ. ಎರಡನೆಯದನ್ನು ಕಲಿಯಬೇಕಾದರೆ ಅವರು ಜೀವದಂಥದೊಂದನ್ನು ತಮ್ಮ ಕೈಯಾರೆ ಕಳೆದುಕೊಳ್ಳಬೇಕು. ಕಲಿತ ಮೇಲೂ, ತೊಟ್ಟಿಯ ಮುಂದೆ ಕುರ್ಚಿ ಹಾಕಿ ಕುಳಿತಾಗ, ಅವರ ಅಂಗಿಯ ಬಲತೋಳು ಮೊಣಕೈವರೆಗೆ ಮಡಚಿಕೊಂಡೇ ಇರುತ್ತದೆ.