ಏಳನೇ ಟಿಪ್ಸು

ನಂಬರ್ ಹಾಕಿದ ಬರಹ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ‘ಹೊಳೆಯುವ ಮುಖಕ್ಕೆ ಐದು ಮನೆಮದ್ದು’, ‘ಅತ್ತೆಯ ಮನಸ್ಸು ಗೆಲ್ಲಲು ಒಂಬತ್ತು ದಾರಿ’. ಅಲ್ಲ ಸ್ವಾಮಿ, ಮಧುಗಿರಿ ಬೆಟ್ಟಕ್ಕೇ ಇರುವುದು ಒಂದು ದಾರಿ, ಅತ್ತೆಗೆ ಒಂಬತ್ತಾ? ಹೀಗೆ ಬೈದುಕೊಂಡೇ ನಾನು ಶಿರಾದ ‘ಹಟ್ಟಿಸುದ್ದಿ’ ವೆಬ್‌ಸೈಟಿಗೆ ಬರೆಯುತ್ತಿದ್ದೆ. ಹೆಸರು ಗಂಗಾಲಕ್ಷ್ಮಿ, ಊರು ಬರಗೂರು, ಕುರಿ ಸಾಕುವ ಮನೆಯ ಹುಡುಗಿ.

ಈ ಬೇಸಿಗೆಯಲ್ಲಿ ಕರುಳುಬೇನೆಯ ಬಗ್ಗೆ ಬರೆದೆ. ಮೊದಲ ಮಳೆಗೆ ಚಿಗುರಿದ ಎಳೆ ಹುಲ್ಲನ್ನು ಕುರಿ ಆಸೆಬಿದ್ದು ಮೇದಾಗ ಬರುವ ಕಾಯಿಲೆ ಅದು. ಸಂಜೆ ಚೆನ್ನಾಗಿದ್ದ ಕುರಿ ಬೆಳಗ್ಗೆ ಕಾಲು ಚಾಚಿ ಬಿದ್ದಿರುತ್ತದೆ. ಮಳೆಗೆ ಮುಂಚೆ ಲಸಿಕೆ ಹಾಕಿಸಿದರೆ ಉಳಿಯುತ್ತದೆ. ಹೋದ ವರ್ಷ ನನ್ನ ದೊಡ್ಡಪ್ಪ ಮಾರಣ್ಣ ಹಾಕಿಸಲಿಲ್ಲ. ಪಾವಗಡದ ವಳ್ಳೂರಿನ ಕಡೆ ಸೋಲಾರ್ ಪ್ಲೇಟುಗಳ ನಡುವೆ ಹುಲ್ಲು ಎದ್ದಿದೆಯೆಂದು ಮಂದೆ ಹೊಡೆದುಕೊಂಡು ಹೋದವರು ಅರ್ಧ ಮಂದೆ ಕಳೆದುಕೊಂಡು ಬಂದರು. “ಈ ಸಲೀನೂ ಹಂಗೇ ಆದ್ರೆ ಇರೋವ್ನೂ ಮಾರ್ಬುಟ್ಟು ವಾಚ್‌ಮನ್ ಕೆಲ್ಸಕ್ಕೆ ಸೇರ್ಕತೀನಿ ಕಣವ್ವ” ಎಂದಿದ್ದರು. ಖಾಕಿ ಅಂಗಿ ತೊಟ್ಟು ಯಾರದೋ ಗೇಟಿನ ಮುಂದೆ ಕೂತ ದೊಡ್ಡಪ್ಪನನ್ನು ನೆನೆಸಿಕೊಂಡರೆ ನನಗೆ ಅಳುವೇ ಬರುತ್ತಿತ್ತು.

ಅದಕ್ಕೇ ಆ ಬರಹವನ್ನು ಕರುಳು ಕಿತ್ತಿಟ್ಟು ಬರೆದಿದ್ದೆ. ಉದ್ದಕ್ಕೆ, ಒಂದೇ ಉಸಿರಿನಲ್ಲಿ ಹೇಳಿದ ಹಾಗೆ. ಒಬ್ಬರೂ ಕೊನೆಯ ತನಕ ಓದಲಿಲ್ಲ.

“ಪಟ್ಟಿ ಮಾಡಿ ಗಂಗಾ, ನಂಬರ್ ಹಾಕಿ” ಎಂದರು ನಮ್ಮ ಸಂಪಾದಕ ನಾಗಭೂಷಣ್ ಸರ್. ನಾನು ಮುಖ ಊದಿಸಿಕೊಂಡು ಮನೆಗೆ ಬಂದೆ. ನನ್ನ ಜಂಬ ಇಳಿಸಿದ್ದು ದೊಡ್ಡಮ್ಮ ಕೆಂಪಕ್ಕ.

“ನಿಂದು ಓದ್ತಿದ್ದೆ ಕಣವ್ವ” ಎಂದಳು. “ಅಷ್ಟ್ರಾಗೆ ಆ ಹಾಳಾದ ಟಗರು ರೇಣುಕಯ್ಯನ ಹೊಲಕ್ಕೆ ನುಗ್ತು. ಓಡ್ಸಿ ಬರೋ ಹೊತ್ಗೆ ಎಲ್ಲಿಗಂಟ ಓದಿದ್ನೋ ಒಂದೂ ತಿಳೀಲಿಲ್ಲ. ಅತ್ಲಾಗೆ ಬುಟ್ಬುಟ್ಟೆ.”

ಅಯ್ಯೋ ನನ್ನ ಬುದ್ಧಿಗಿಷ್ಟು! ಕುರಿ ಮೇಯಿಸುವವರಿಗೆ ಕೂತು ಓದುವ ಪುರಸೊತ್ತು ಎಲ್ಲಿದೆ? ಒಂದು ಕಣ್ಣು ಫೋನಿನ ಮೇಲಿದ್ದರೆ ಇನ್ನೊಂದು ಮಂದೆಯ ಮೇಲಿರುತ್ತದೆ. ನಂಬರ್ ಇದ್ದರೆ ಮೂರನೆಯದು ಓದಿ, ಟಗರಿನ ಹಿಂದೆ ಓಡಿ, ವಾಪಸ್ ಬಂದು ನಾಲ್ಕನೆಯದನ್ನು ಹಿಡಿಯಬಹುದು. ಪಟ್ಟಿಯೆಂದರೆ ಸೋಮಾರಿಗಳಿಗೆ ಬರೆಯುವುದು ಎಂದುಕೊಂಡಿದ್ದೆ. ಪುರಸೊತ್ತಿಲ್ಲದವರಿಗೂ ಅದೇ ಬೇಕು ಎಂದು ಆವತ್ತು ಗೊತ್ತಾಯಿತು.

ಪಶುವೈದ್ಯೆ ಡಾಕ್ಟರ್ ಸಹನಾ ಅವರನ್ನು ಕೇಳಿ ಕೇಳಿ ಆರು ಮಾತು ಬರೆದೆ. ನಮ್ಮೂರಲ್ಲಿ ಲಸಿಕೆ ಕ್ಯಾಂಪ್ ಯಾವತ್ತು ಎಂಬುದನ್ನೂ ಸೇರಿಸಿದೆ. ನಾಗಭೂಷಣ್ ಸರ್ ನೋಡಿ, “ಆರು ಓಡಲ್ಲ. ಏಳು ಮಾಡಿ” ಎಂದರು.

ಏಳನೆಯದು ಎಲ್ಲಿಂದ ತರಲಿ? ಬಸ್ಸಿಗೆ ಬೇರೆ ಹೊತ್ತಾಗಿತ್ತು. ಯಾವುದೋ ಹೊರದೇಶದವರ ಕುರಿ ವೆಬ್‌ಸೈಟ್ ತೆರೆದು, ಕಣ್ಣಿಗೆ ಬಿದ್ದ ಒಂದು ಸಾಲನ್ನು ಇಳಿಸಿದೆ: ‘ಪ್ರತಿ ಸಂಜೆ ತಪ್ಪದೆ ಕುರಿಗಳನ್ನು ಎಣಿಸಿ.’

‘ಮುಂಗಾರಿಗೆ ಮುನ್ನ ಕುರಿ ಉಳಿಸುವ ಏಳು ಟಿಪ್ಸ್’ ಓಡಿತು ನೋಡಿ! ಕೊರಟಗೆರೆಯಿಂದ ಪಾವಗಡದ ತನಕ ಕುರಿಯವರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಅದೇ. ನನಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಾರನೆಯ ದಿನ ದೊಡ್ಡಪ್ಪನ ಫೋನ್ ಬಂತು.

“ಕುರಿ ಎಣಿಸ್ಬೇಕಂತೆ ಕುರಿಯಾ! ನಮ್ಮನೇಲಿ ಹುಟ್ಟಿ ಇಂಗಾ ಬರೆಯೋದು? ನಾಚ್ಕೆ ಆಗಾಕಿಲ್ವಾ?”

ನಮ್ಮಲ್ಲಿ ಮಂದೆಯನ್ನು ಎಣಿಸುವುದಿಲ್ಲ. ಎಣಿಸಿದರೆ ಮಂದೆ ಸವೆಯುತ್ತದೆ ಎಂಬ ಭಯ. ಸಂಜೆ ಕುರಿ ಕೂಡಿಹಾಕುವ ರೊಪ್ಪದ ಬಾಗಿಲಲ್ಲಿ ನಿಂತು ಒಂದೊಂದರ ಮುಖ ನೋಡಿ ಒಳಗೆ ಬಿಟ್ಟುಕೊಳ್ಳುತ್ತೇವೆ, ಅಷ್ಟೇ. ಯಾರಾದರೂ ಎಷ್ಟಿವೆ ಎಂದರೆ ದೇವರು ಕೊಟ್ಟಷ್ಟು ಎನ್ನುತ್ತೇವೆ. ಇದು ಗೊತ್ತಿದ್ದೂ, ಭರ್ತಿ ಮಾಡುವ ಅವಸರದಲ್ಲಿ ಬರೆದುಬಿಟ್ಟಿದ್ದೆ.

“ಎಣಿಸು ಅನ್ನೋಳು ಸೂಜಿ ಹಾಕ್ಸು ಅಂದ್ರೆ ಹೆಂಗವ್ವ ನಂಬೋದು?” ಎಂದರು ದೊಡ್ಡಪ್ಪ. “ನಾ ಕ್ಯಾಂಪಿಗೆ ಬರಾಕಿಲ್ಲ.” ಗುಂಪುಗಳಲ್ಲೂ ಅದೇ ಮಾತು ಶುರುವಾಗಿತ್ತು. ಒಂದು ಸುಳ್ಳು ಟಿಪ್ಸಿನಿಂದ ಆರು ನಿಜದ ಟಿಪ್ಸುಗಳೂ ಹಾಳಾದವು.

ತಕ್ಷಣ ನಾಗಭೂಷಣ್ ಸರ್‌ಗೆ ಫೋನ್ ಮಾಡಿದೆ. “ಏಳನೆಯದು ತೆಗೀರಿ ಸರ್.”

“ಆರಾಗುತ್ತಲ್ಲ ಗಂಗಾ?”

“ಆರೇ ಇರ್ಲಿ! ನಿಮ್ಮ ಏಳಕ್ಕಿಷ್ಟು ಬೆಂಕಿ ಹಾಕ!” ಎಂದೆ. ಸಂಬಳ ಕೊಡುವವರಿಗೆ ಹೀಗೆ ಅನ್ನಬಾರದಿತ್ತು. ಆದರೆ ಪಾಪ, ತೆಗೆದರು.

ಆಮೇಲೆ ಗುಂಪುಗಳಿಗೆಲ್ಲ ನನ್ನ ದನಿಯಲ್ಲೇ ಹೇಳಿ ಕಳಿಸಿದೆ. “ನಾನು ಬರಗೂರು ಮಾರಣ್ಣನ ತಮ್ಮನ ಮಗಳು. ಏಳನೇದು ಸುಮ್ನೆ ಭರ್ತಿಗೆ ಹಾಕಿದ್ದು. ತಪ್ಪಾತು, ಹೊಟ್ಟೆಗಾಕ್ಕಳಿ. ಮಿಕ್ಕಿದ್ದು ಆರೂ ಡಾಕ್ಟ್ರನ್ನ ಕೇಳಿ ಬರ್ದಿರೋದು. ನನ್ ಮ್ಯಾಲಿನ ಸಿಟ್ಟು ಕುರಿ ಮ್ಯಾಲೆ ತೀರುಸ್ಕಬ್ಯಾಡಿ.” ಕೆಲವರು ನಕ್ಕರು, ಕೆಲವರು ಕೈಮುಗಿದ ಚಿತ್ರ ಹಾಕಿದರು. ದೊಡ್ಡಪ್ಪ ಕೇಳಿಸಿಕೊಂಡ ಗುರುತು ಫೋನಿನಲ್ಲಿ ಬಂತು, ಅಷ್ಟೇ.

ಕ್ಯಾಂಪಿನ ದಿನ ಬೆಳಗ್ಗೆಯಿಂದಲೇ ಮೋಡ. ಸುತ್ತಮುತ್ತಲಿನವರು ಮಂದೆ ಹೊಡೆದುಕೊಂಡು ಬಂದರು, ಹಾಕಿಸಿಕೊಂಡು ಹೋದರು. ನನಗೆ ದೊಡ್ಡಪ್ಪನ ದಾರಿ ನೋಡಿ ನೋಡಿ ಸಾಕಾಯಿತು. ಸಹನಾ ಮೇಡಂ ಪೆಟ್ಟಿಗೆ ಮುಚ್ಚುವ ಹೊತ್ತಿಗೆ ಬೇಲಿಯ ಆಚೆ ಧೂಳೆದ್ದಿತು. ಬಂದವರು ದೊಡ್ಡಪ್ಪ! ನನ್ನತ್ತ ತಿರುಗಿಯೂ ನೋಡಲಿಲ್ಲ.

“ಎಷ್ಟಿವೆ ಯಜಮಾನ್ರೇ?” ಎಂದು ಮೇಡಂ ಪೆನ್ನು ತೆಗೆದರು.

ಬೇರೆಯವರೆಲ್ಲ ಬಾಯಿಗೆ ಬಂದದ್ದು ಹೇಳಿ ಬರೆಸಿದ್ದರು. ದೊಡ್ಡಪ್ಪ ಸುಳ್ಳು ಹೇಳುವವರಲ್ಲ, ಎಣಿಸುವವರೂ ಅಲ್ಲ. ಕೋಲು ಎತ್ತಿ, ಮಂದೆಯನ್ನು ಬಂದ ದಾರಿಗೇ ತಿರುಗಿಸಿಬಿಟ್ಟರು.

ಓಡಿಹೋಗಿ ಅಡ್ಡ ನಿಂತೆ. “ಮೇಡಂ, ಮೊದ್ಲು ಹಾಕ್ಬುಡಿ. ಎಷ್ಟು ಡೋಸು ಖರ್ಚಾತೋ ಆಮೇಲೆ ಅದ್ನ ಬರ್ಕಳಿ. ಕುರಿ ಲೆಕ್ಕ ಯಾಕೆ, ಔಷ್ದಿ ಲೆಕ್ಕ ಸಾಲ್ದಾ?”

ಮೇಡಂ ನಕ್ಕರು. “ನನಗೆ ಬೇಕಾಗಿರೋದೂ ಅದೇ. ಔಷಧಿ ಎಣಿಸಬಹುದು ತಾನೆ ಯಜಮಾನ್ರೇ?”

ದೊಡ್ಡಪ್ಪ ಗಲ್ಲ ಕೆರೆದುಕೊಂಡು ಯೋಚಿಸಿದರು. “ಔಷ್ದಿ ನಿಮ್ದು. ಎಷ್ಟಾರ ಎಣಿಸ್ಕಳಿ.”

ಒಂದೊಂದನ್ನೇ ಹಿಡಿದು ಕೊಟ್ಟೆವು. ದೊಡ್ಡಪ್ಪ ಕಿವಿ ಹಿಡಿದರೆ ನಾನು ಹಿಂಗಾಲು. ಕೊನೆಯ ಮರಿಗೂ ಆದ ಮೇಲೆ ಬೇವಿನ ಬುಡದಲ್ಲಿ ಕೂತು, ಜೇಬಿನಿಂದ ಫೋನ್ ತೆಗೆದು, ದೂರ ಹಿಡಿದು, ಕಣ್ಣು ಕಿರಿದು ಮಾಡಿಕೊಂಡರು.

“ಎರಡ್ನೇದ್ರಾಗೆ, ಒಣಮೇವು ತಿನ್ಸಿ ಆಮೇಲೆ ಹಸ್ರುಗೆ ಬುಡಿ ಅಂತ ಬರ್ದಿದ್ಯಲ್ಲ. ಬೆಳಗ್ಗೆ ರೊಪ್ಪದಾಗೇ ಹಾಕ್ಬೇಕಾ?”

“ಹೂಂ ದೊಡ್ಡಪ್ಪ, ಹೊರಡೋಕೆ ಮುಂಚೆ.”

“ಸರಿ. ಮಳೆ ಬಿದ್ದು ಹುಲ್ಲು ಬಲಿತ್ಮೇಲೆ ವಳ್ಳೂರಿಗೆ ಹೊಡ್ಕಂಡು ಹೋಗ್ತೀನಿ. ಏನಾರ ತಿಳೀದಿದ್ರೆ ಪೋನ್ ಮಾಡ್ತೀನಿ. ಎತ್ತು.”

ಹೋದ ವರ್ಷ ಅರ್ಧ ಮಂದೆ ಬಿದ್ದಾಗಲೂ ಯಾರನ್ನೂ ಒಂದು ಮಾತು ಕೇಳಿದವರಲ್ಲ ಇವರು. “ಎತ್ತುತೀನಿ ದೊಡ್ಡಪ್ಪ” ಎಂದೆ. ನೆಲದ ಮೇಲಿದ್ದ ಅವರ ಕೋಲನ್ನು ಎತ್ತಿ ಕೈಗೆ ಕೊಟ್ಟೆ.