ಜೇಬಿನಲ್ಲಿ ಸೂಜಿಮೆಣಸು

ಊಟಕ್ಕೆಂದು ಹೋಟೆಲಿಗೆ ಹೋಗುವವರು ಕೈಬೀಸಿಕೊಂಡು ಹೋಗುವುದು ಲೋಕರೂಢಿ. ತುನ್ ಗೊರೊ ಮಾತ್ರ ಹದಿನಾಲ್ಕು ವರ್ಷಗಳಲ್ಲಿ ಒಂದು ಸಲವೂ ಬೆಬಾಳ ಹೋಟೆಲಿಗೆ ಬರಿಗೈಯಲ್ಲಿ ಬಂದವರಲ್ಲ. ಅಮೆರಿಕದ ಟಕೋಮ ಊರಿನ ಮುಗಿಯದ ಜಿನುಗು ಮಳೆಯಲ್ಲಿ, ಲಾಂಡ್ರಿಗೂ ಟೈರಿನ ಅಂಗಡಿಗೂ ನಡುವೆ ಒತ್ತರಿಸಿಕೊಂಡು ನಿಂತ ಆ ಹೋಟೆಲಿನ ಬಾಗಿಲನ್ನು ಭುಜದಿಂದ ತಳ್ಳಿ ಒಳಬಂದು, ನೌಕಾದಳದ ಕಾಲದ ಕಪ್ಪು ಉಣ್ಣೆಕೋಟಿನ ಬಲಜೇಬಿಗೆ ಕೈಹಾಕಿ, ಒಂದು ಹಿಡಿ ಸೂಜಿಮೆಣಸನ್ನು ಗಲ್ಲಾಪೆಟ್ಟಿಗೆಯ ಪಕ್ಕ ಸುರಿದ ಮೇಲೆಯೇ ಅವರ ಮುಖಕ್ಕೆ ಊಟಕ್ಕೆ ಬಂದವರ ಕಳೆ ಬರುತ್ತಿದ್ದದ್ದು.

"ಇದು ಮನೆ ಅಲ್ಲ ತುನ್, ಹೋಟ್ಲು. ಸುಮ್ನೆ ಬಂದು ತಿನ್ಕೊಂಡು ಹೋಗ್ಬಹುದು," ಎಂದು ಬೆಬಾ ಕೆಣಕುವಳು.

"ನಮ್ಮ ಕೆಂಪನ್ನಾನ ಯಾರಾದ್ರೂ ಮಾರ್ತಾರೇನೆ? ಇದು ಮನೇನೇ. ನೀನು ಬಾಗ್ಲಿಗೆ ಒಂದು ಬೋರ್ಡ್ ಹಾಕ್ಕೊಂಡಿದೀಯ, ಅಷ್ಟೆ."

ಆ ಮೆಣಸು ಪೇಟೆಯದಲ್ಲ. ಪೆಸಿಫಿಕ್ ಸಾಗರದ ನಮ್ಮ ದ್ವೀಪ ಗುವಾಮಿನಿಂದ ಯಾವ ಕಾಲದಲ್ಲೋ ತಂದ ಬೀಜ. ಬಾಡಿಗೆ ಕೋಣೆಯ ಕಿಟಕಿಯಲ್ಲಿ, ಹೀಟರಿನ ಬಿಸಿ ತಾಗುವಂತೆ ಸಾಲಾಗಿ ಇಟ್ಟ ಕಾಫಿ ಡಬ್ಬಗಳಲ್ಲಿ, ಸೂರ್ಯನಿಗೇ ನೆಗಡಿಯಾದಂತಿರುವ ಈ ಸೀಮೆಯಲ್ಲಿ ಹಟ ಹಿಡಿದು ಬೆಳೆಸಿದ ಗಿಡಗಳು. ಬೆಬಾ ಅದನ್ನು ಹೆಚ್ಚಿ, ಸೋಯಾ ಸಾಸು, ನಿಂಬೆ, ಈರುಳ್ಳಿಯೊಡನೆ ಕಲಸಿ ಫಿನಾದೆನ್ನಿ ಮಾಡಿ ಮೇಜುಮೇಜಿಗೂ ಇಡುವಳು. ಕೆಂಪನ್ನದ ಮೇಲೆ ಅದನ್ನು ಒಂದು ಚಮಚ ಸುರಿದುಕೊಂಡ ಆ ದ್ವೀಪದ ಚಮೊರೊಗಳಾದ ನಾವು, ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೋ ಬೇರೆ ಯಾವುದಕ್ಕೋ ಎಂದು ಯಾರಿಗೂ ಹೇಳದೆ ಮೂಗೊರೆಸಿಕೊಳ್ಳುತ್ತಿದ್ದೆವು.

ತುನ್ ಗೊರೊ ಅವರ ನಡಿಗೆಯೇ ಬೇರೆ. ಎಡಗೈ ಎದೆಯ ಮಟ್ಟಕ್ಕೆ ಮಡಿಚಿ, ಅಂಗೈ ಮೇಲ್ಮುಖವಾಗಿ ಹಿಡಿದು, ಅದೃಶ್ಯವಾದ ಹರಿವಾಣವೊಂದನ್ನು ತುಳುಕಿಸದೆ ಒಯ್ಯುತ್ತಿರುವವರಂತೆ, ನೆಲ ಯಾವ ಕ್ಷಣದಲ್ಲಾದರೂ ಓಲಾಡೀತೆಂಬ ಶಂಕೆಯಿಂದ ಪಾದಗಳನ್ನು ಅಗಲಿಸಿಟ್ಟು ನಡೆಯುವರು. ನೌಕಾದಳದಲ್ಲಿ ಇಪ್ಪತ್ತೆರಡು ವರ್ಷ. ಆ ಕಾಲದಲ್ಲಿ ನಮ್ಮ ದ್ವೀಪದ ಹುಡುಗರಿಗೆ ಹಡಗಿನಲ್ಲಿ ಸಿಗುತ್ತಿದ್ದ ಕೆಲಸವೆಂದರೆ ಅಧಿಕಾರಿಗಳಿಗೆ ಅಡುಗೆ ಮಾಡುವುದು, ಬಡಿಸುವುದು. ಸಮುದ್ರ ಬಿಟ್ಟು ಎಷ್ಟು ಕಾಲವಾದರೂ ಕೈ ಆ ಹರಿವಾಣವನ್ನು ಕೆಳಗಿಟ್ಟಿರಲಿಲ್ಲ. ತಟ್ಟೆ ಮುಂದೆ ಬಂದರೂ ತುತ್ತೆತ್ತುತ್ತಿರಲಿಲ್ಲ, ಕತ್ತು ತಿರುಗಿಸಿ, ಹೋಟೆಲಿನ ಎಲ್ಲ ಮೇಜುಗಳ ಮೇಲೂ ಒಮ್ಮೆ ಕಣ್ಣಾಡಿಸಿ, "ಎಲ್ಲರದ್ದೂ ಆಯ್ತಾ?" ಎಂದು ಕೇಳುವರು. ಯಾರಾದರೊಬ್ಬರು "ಆಯ್ತು, ನೀವು ಉಣ್ಣಿ" ಎನ್ನಲೇಬೇಕು. ಒಮ್ಮೆ ಗುರುತಿಲ್ಲದ ಲಾರಿ ಚಾಲಕನೊಬ್ಬ "ನಂದು ಇನ್ನೂ ಬಂದಿಲ್ಲ" ಎಂದು ತಮಾಷೆಗೆ ಅಂದದ್ದಕ್ಕೆ, ಎದ್ದು ಹೋಗಿ ತಮ್ಮ ತಟ್ಟೆಯನ್ನೇ ಅವನ ಮುಂದಿಟ್ಟುಬಿಟ್ಟಿದ್ದರು.

ನಮ್ಮಲ್ಲಿ ಹಿರಿಯ ಗಂಡಸರನ್ನು ತುನ್, ಹೆಂಗಸರನ್ನು ತಾನ್ ಎನ್ನುತ್ತೇವೆ; ಅವರನ್ನು ಕಂಡರೆ ಕಿರಿಯರು ಅವರ ಕೈಬೆನ್ನಿಗೆ ಮೂಗು ತಾಗಿಸಿ ಆಶೀರ್ವಾದ ಬೇಡುವುದು ಪದ್ಧತಿ. ತುನ್ ಗೊರೊ ಅವರ ಕೈಗೆ ಮೂಗಿಟ್ಟ ಮಕ್ಕಳೆಲ್ಲ ಸೀನುತ್ತಿದ್ದವು. "ನನ್ನ ಆಶೀರ್ವಾದ ಸ್ವಲ್ಪ ಖಾರ ಮಗಾ. ಆದ್ರೆ ಬಹಳ ದಿನ ಬಾಳಿಕೆ ಬರುತ್ತೆ," ಎನ್ನುವರು.

ಈ ಹಿಡಿಮೆಣಸಿನ ವ್ರತದ ಮೂಲ ಬೆಬಾಳಿಗೆ ಅಡುಗೆಮನೆಯಲ್ಲಿ ನೆರವಾಗುತ್ತಿದ್ದ ನನಗೆ ಗೊತ್ತಾದದ್ದು ಒಂದು ಮಧ್ಯಾಹ್ನ, ನಾವಿಬ್ಬರೇ ಇದ್ದಾಗ. ನಿಂಬೆ, ತೆಂಗಿನತುರಿ ಹಾಕಿ ಕಲಸಿದ ಕೋಳಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಹೇಳಿದರು:

"ಲೊಲೆ ಹೋದಾಗ ನಾವು ಈ ಊರಿಗೆ ಬಂದು ಎರಡೇ ತಿಂಗಳು."

ಲೊಲೆ ಅವರ ಹೆಂಡತಿ. ಮಕ್ಕಳಿರಲಿಲ್ಲ. ಸತ್ತವರಿಗಾಗಿ ನಮ್ಮವರು ಸಾವಿನ ಮರುದಿನದಿಂದ ಒಂಬತ್ತು ಸಂಜೆ ಸೇರಿ ಜಪಮಾಲೆ ಹೇಳುತ್ತಾರೆ. ಒಂಬತ್ತನೆಯ ಸಂಜೆ ಬಂದವರಿಗೆಲ್ಲ ಊಟ. ಮನೆ ತುಂಬಿದರೆ ಬದುಕಿದ್ದು ಸಾರ್ಥಕ.

"ರೂಢಿ ನೋಡು, ನೂರು ಜನಕ್ಕೆ ಅಡುಗೆ ಮಾಡ್ಬಿಟ್ಟೆ. ಆರು ಜನ ಬಂದ್ರು. ಅದ್ರಲ್ಲಿ ಇಬ್ರು ಪಕ್ಕದ್ಮನೆ ಕೊರಿಯಾದೋರು, ಪಾಪ, ಮರ್ಯಾದೆಗೆ. ಹಂಡೆ ಕೆಂಪನ್ನ ಹಂಗೇ ಉಳೀತು. ಅದನ್ನ ನಾನು ಎಲ್ಲಿ ಸುರೀಲಿ, ಹೇಳು?"

ಜೇಬಿನಲ್ಲಿ ಉಳಿದಿದ್ದ ಒಂದು ಮೆಣಸನ್ನು ತೆಗೆದು ನನ್ನ ಮುಂದಿಟ್ಟರು.

"ಅವತ್ತಿಂದ ಹೋದಲ್ಲೆಲ್ಲ ಒಂದು ಹಿಡಿ ಇಟ್ಟು ಬರ್ತೀನಿ. ನನ್ನ ಒಂಬತ್ತಕ್ಕೆ ನೀನು ಬರ್ತೀಯ ತಾನೆ?"

"ಬಿಡಿ ತುನ್, ನಮ್ಮನ್ನೆಲ್ಲ ಕಳಿಸಿಯೇ ನೀವು ಹೊರಡೋದು," ಎಂದು ನಕ್ಕೆ. ಅವರು ನಗಲಿಲ್ಲ. ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಫಿನಾದೆನ್ನಿಯ ಬಟ್ಟಲನ್ನು ಅವರತ್ತ ಸರಿಸಿದೆ.

ಚಳಿ ಬಿದ್ದಾಗಲೆಲ್ಲ "ಈ ಸಲ ಊರಿಗೆ ಹೋಗಿಬರ್ತೀನಿ" ಎಂದು ಸಾರುವುದೂ ಎಂದೂ ಹೊರಡದಿರುವುದೂ ಅವರ ವಾರ್ಷಿಕ ಕ್ರಮ. ಹೋದ ವರ್ಷ ಡಿಸೆಂಬರಿನಲ್ಲೂ ಸಾರಿದರು. ಆಮೇಲೆ ಬರಲಿಲ್ಲ.

"ಏನ್ ಬೆಬಾ, ಫಿನಾದೆನ್ನಿಗೆ ಏನ್ ಬಂತು? ಬರೀ ಉಪ್ಪುನೀರು ಕುಡಿದಂಗಿದೆ," ಎಂದು ಗಿರಾಕಿಗಳು ಗೊಣಗಿದರು.

"ಮುದುಕಪ್ಪ ಊರಿಗೆ ಹೋಗಿರ್ಬೇಕು. ಬರೋವರೆಗೂ ಅಂಗಡಿ ಮೆಣಸೇ ಗತಿ."

"ಅಂತೂ ಹೊರಟ್ರಪ್ಪ! ದ್ವೀಪ ಓಲಾಡ್ತಿರ್ಬೇಕು ಈಗ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಮಧ್ಯಾಹ್ನ ಅಂಗಡಿಯ ಮೆಣಸನ್ನು ಹೆಚ್ಚಿಕೊಟ್ಟವಳೂ ನಾನೇ.

ಅವರು ಬರುವುದು ನಿಂತ ಹನ್ನೊಂದನೆಯ ದಿನ ಆಸ್ಪತ್ರೆಯಿಂದ ಫೋನ್ ಬಂತು. ಬಸ್ ಸ್ಟಾಪಿನ ಹತ್ತಿರ ಕುಸಿದು ಬಿದ್ದಿದ್ದರಂತೆ. ಬಿದ್ದ ದಿನವೇ ಪ್ರಾಣ ಹೋಗಿತ್ತು. ಆಸ್ಪತ್ರೆಯವರು ಬಂಧುಗಳನ್ನು ಹುಡುಕಿ ಹುಡುಕಿ ಸೋತು, ಕೊನೆಗೆ ಕೋಟಿನ ಜೇಬಿನಲ್ಲಿ ಮೆಣಸು ಸುತ್ತಿಟ್ಟ ಕಾಗದವನ್ನು ಬಿಡಿಸಿ ನೋಡಿದರೆ, ಅದು ಬೆಬಾಳ ಹೋಟೆಲಿನ ತಿಂಡಿಪಟ್ಟಿ. ಅವರು ನಮ್ಮಲ್ಲಿಗೇ ಹೊರಟಿದ್ದರು.

"ಅವರಿಗೆ ನೀವು ಏನಾಗ್ಬೇಕು?" ಎಂದು ಆ ಕಡೆಯಿಂದ ಕೇಳಿದರು.

ಬೆಬಾ ಗಲ್ಲಾಪೆಟ್ಟಿಗೆಯ ಪಕ್ಕದ ಖಾಲಿ ಜಾಗವನ್ನು ಅಂಗೈಯಿಂದ ಒರೆಸಿದಳು. ಆಮೇಲೆ, "ಮನೆಯವ್ರು," ಎಂದಳು.

ಅವರ ಕೋಣೆಗೆ ಹೋದೆವು. ಹೀಟರ್ ಉರಿಯುತ್ತಲೇ ಇತ್ತು. ಕಾಫಿ ಡಬ್ಬಗಳಲ್ಲಿ ಗಿಡಗಳು ನೀರಿಲ್ಲದೆ ಒಣಗಿ, ಮುಟ್ಟಿದರೆ ಪುಡಿಯಾದವು.

ಜಪಮಾಲೆ ನಡೆಸಿಕೊಡುವ ಮುದುಕಿ ತಾನ್ ಚಿಲಾಂಗ್ ಬಂದು ಕುರ್ಚಿಯಲ್ಲಿ ಕುಕ್ಕರಿಸಿ ಅಂದಳು: "ಒಂಬತ್ತು ಮುಗಿದೋಯ್ತಲ್ಲೇ! ಆ ಒಂಬತ್ತು ಸಂಜೇನೂ ಅವ್ನು ಒಬ್ನೇ ಕೂತಿದ್ದ. ಮತ್ತೆ ಮೊದಲಿಂದ ಹಾಕೋಕೆ ಇದೇನು ಇಸ್ಪೀಟಾ?"

"ಹಾಗಾದ್ರೆ ಏನೂ ಮಾಡೋದು ಬೇಡ್ವಾ, ತಾನ್?" ಎಂದು ಬೆಬಾ ಕೇಳಿದಳು.

ಮುದುಕಿ ಮಣಿಸರವನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. "ಮಾಡೋಣ. ಆದ್ರೆ ಅವ್ನಿಗೋಸ್ಕರ ಮಾಡಿದ್ವಿ ಅಂತ ಯಾರೂ ಜಂಬ ಕೊಚ್ಕೋಬೇಡಿ."

ಹೋಟೆಲಿನಲ್ಲೇ ಮಾಡಿದೆವು. ಒಂಬತ್ತನೆಯ ಸಂಜೆ ಒಳಗೆ ಜಾಗವಿಲ್ಲದೆ ಜನ ಟೈರಿನ ಅಂಗಡಿಯ ಸೂರಿನಡಿ ಮಳೆಯಲ್ಲಿ ನಿಂತರು. ಸೀನುತ್ತಿದ್ದ ಮಕ್ಕಳು ಬಂದರು. ಆ ಲಾರಿ ಚಾಲಕನೂ ಬಂದ. "ನಂಗೂ ಒಂದು ಹಿಡಿ ಕೊಟ್ಟಿದ್ರು" ಎಂಬುದೊಂದೇ ಎಲ್ಲರ ಬಾಯಲ್ಲೂ. ಮೂರು ಹಂಡೆ ಕೆಂಪನ್ನ ಕೆರೆದು ಬಳಿಯುವಷ್ಟಕ್ಕೆ ಬಂತು. ಬೆಬಾ ಸೌಟು ಹಿಡಿದು ಒಳಗಿನಿಂದ, ತನಗೇ ಅರಿವಿಲ್ಲದೆ, ಕೂಗಿದಳು: "ಎಲ್ಲರದ್ದೂ ಆಯ್ತಾ?"

ಆಯಿತೆಂದು ಹೇಳಲು ಯಾರಿಗೂ ಬಾಯಿ ಬರಲಿಲ್ಲ.

"ಅನ್ನ ಉಳೀಲಿಲ್ಲ ಅಂತ ಲೊಲೆಗೆ ಹೇಳೋ ಗೊರೊ," ಎಂದು ತಾನ್ ಚಿಲಾಂಗ್ ಗೋಡೆಯ ಕಡೆ ತಿರುಗಿ ಅಂದಳು. ಮೇಜಿನ ಮೇಲಿದ್ದದ್ದು ಅಂಗಡಿ ಮೆಣಸಿನ ಫಿನಾದೆನ್ನಿ. ಅಂದು ಖಾರ ಸಾಲದೆಂದು ಯಾರೂ ಗೊಣಗಲಿಲ್ಲ.

ಪರದೇಶಕ್ಕೆ ಬಿದ್ದ ಪ್ರತಿಯೊಂದು ಜನಾಂಗದಲ್ಲೂ ಇಂಥವರು ಒಬ್ಬೊಬ್ಬರು ಇರುತ್ತಾರೆಂದು ಕಾಣುತ್ತದೆ. ಹೋದಲ್ಲೆಲ್ಲ ಒಂದು ಹಿಡಿ ಇಟ್ಟು, ಪ್ರತಿಯಾಗಿ ಒಂದೇ ಒಂದು ಸಂಜೆಯನ್ನು ಬೇಡುವವರು. ಕೊಡುವವರನ್ನು ನಾವು ಅವರ ಕೈಯಿಂದ ಗುರುತಿಸುತ್ತೇವೆ, ಮುಖದಿಂದಲ್ಲ. ಆದ್ದರಿಂದಲೇ ಅವರು ಇಲ್ಲವಾದ ದಿನ ನಮಗೆ ಮೊದಲು ತಿಳಿಯುವುದು ಊಟದ ಕೊರತೆ; ಅದನ್ನು ಅಂಗಡಿಯಿಂದ ತಂದು ತುಂಬಿಸಿಕೊಂಡು, ಅವರು ಎಲ್ಲೋ ಬಿಸಿಲಿನಲ್ಲಿ ಸುಖವಾಗಿದ್ದಾರೆಂದು ನಗುತ್ತಾ ಉಣ್ಣುತ್ತೇವೆ.