ಗಡಿಯಾರದ ಅಂಗಡಿಯ ನಾಲ್ಕು ನಿಮಿಷ

ಜಡೆ ಎಂದು ಎಲ್ಲರೂ ಕರೆಯುತ್ತಿದ್ದ ಆ ಸಂಗೀತ ನಿರ್ದೇಶಕನ ತಲೆಯಲ್ಲಿ ಜಡೆಯ ಮಾತಿರಲಿ, ಹಿಡಿದೆಳೆಯಲು ನಾಲ್ಕು ಕೂದಲೂ ಉಳಿದಿರಲಿಲ್ಲ. ಅದು ರಾಕ್ ಬ್ಯಾಂಡಿನ ಕಾಲದ ಹೆಸರು. ಬ್ಯಾಂಡಿಗೆ 'ಮುರುಕು ಗೇಟು' ಎಂದು ನಾಮಕರಣವಾಗಿತ್ತು. ಗಿಟಾರು ಇವನದು, ಡ್ರಮ್ಸು ಇವನಕ್ಕನದು. ಕೇಳುಗರು ಬೆರಳೆಣಿಕೆಯಷ್ಟು, ಸ್ವಾಭಿಮಾನ ಮಾತ್ರ ಹೊರೆಗಟ್ಟಲೆ. ಟೀವಿಗೂ ಸಿನಿಮಾಕ್ಕೂ ನುಡಿಸುವವರನ್ನು ಕಂಡರೆ ಇಬ್ಬರೂ ಮೂಗು ಮುರಿಯುತ್ತಿದ್ದರು.

ಎಂಟು ವರ್ಷದ ಹಿಂದೆ ಟೀವಿಯವರೇ ಕರೆದಾಗ ಮುರಿದ ಮೂಗು ತಾನಾಗಿಯೇ ನೆಟ್ಟಗಾಯಿತು. ಧಾರಾವಾಹಿಯೊಂದರ ಶೀರ್ಷಿಕೆ ಗೀತೆಗೆ ಅಕ್ಕ ಎರಡು ದಿನ ಬೆವರಿಳಿಸಿ ನುಡಿಸಿದಳು. ನಿರ್ಮಾಪಕರಿಗೆ ಅದು ಗಲಾಟೆ ಎನ್ನಿಸಿತು. ಜಡೆ ಚಕಾರವೆತ್ತದೆ ಅವಳ ವಾದನವನ್ನು ಕಿತ್ತುಹಾಕಿ, ಆ ಜಾಗಕ್ಕೆ ಕಂಪ್ಯೂಟರಿನ ಟಿಕ್‌ಟಿಕ್ ತುಂಬಿದ. ಮೊದಲ ಕಂತು ನೋಡಿದ ಅಕ್ಕ ಏನಿದು ಎಂದು ಕೇಳಿದಾಗ, "ಮಿಕ್ಸಿಂಗ್ ಎಂಜಿನಿಯರ್ ನಿನ್ನ ಟ್ರ್ಯಾಕ್ ಆನ್ ಮಾಡೋಕೆ ಮರೆತುಬಿಟ್ನಂತೆ ಕಣೇ" ಎಂದ. ಅವಳು ಡ್ರಮ್ಸನ್ನು ಯಾರಿಗೋ ಕೊಟ್ಟು, ಕಾರು ಕಲಿಸುವ ಶಾಲೆ ತೆರೆದಳು. ಕಲಿಯುವವರ ಪಕ್ಕ ಕೂತು, ತನ್ನ ಕಾಲಡಿಯ ಎರಡನೇ ಬ್ರೇಕು ಒತ್ತುವುದೇ ಅವಳ ಕಸುಬಾಯಿತು. ತಮ್ಮನ ಜೊತೆ ಮಾತು ನಿಂತಿತು.

ತಮ್ಮನೋ, ಉದ್ಧಾರವಾದ. ಅತ್ತೆ ದುರುಗುಟ್ಟಿ ನೋಡಿದರೆ ಮೂರು 'ಢಂ', ಸೊಸೆ ತಿರುಗಿ ನೋಡಿದರೆ ಐದು. ಒಂದು ಲೋಟ ಕೈಜಾರಿ ನೆಲ ಮುಟ್ಟಲು ಅರ್ಧ ಕಂತು ಹಿಡಿಯುತ್ತಿತ್ತು, ಅಷ್ಟೂ ಹೊತ್ತು ಪಿಟೀಲು ಗೋಳಾಡಬೇಕಿತ್ತು. ಇದನ್ನೇ ಮಾಡಿ ಮಾಡಿ ಅವನು 'ಭಾವನೆಗಳ ಮಾಂತ್ರಿಕ' ಎನ್ನಿಸಿಕೊಂಡ.

ಕೊನೆಗೂ ಒಂದು ಒಳ್ಳೆಯ ಚಿತ್ರ ಸಿಕ್ಕಿತು. ಕತ್ತಲ ಕೋಣೆಯಲ್ಲೂ ಕಪ್ಪು ಕನ್ನಡಕ ತೆಗೆಯದ ನಿರ್ದೇಶಕ ಅವನಿಗೊಂದು ದೃಶ್ಯ ತೋರಿಸಿದ. ಗಡಿಯಾರ ರಿಪೇರಿ ಮಾಡುವ ಅಪ್ಪ ಸತ್ತಿದ್ದಾನೆ. ಮಗಳು ಅಂಗಡಿಗೆ ಹೋಗಿ ಒಂದೊಂದೇ ಗಡಿಯಾರವನ್ನು ನಿಲ್ಲಿಸುತ್ತಾಳೆ.

"ನಾಲ್ಕು ನಿಮಿಷ. ಮಾತೇ ಇಲ್ಲ. ನಿಮ್ಮ ಮ್ಯೂಸಿಕ್ಕೇ ಅಳಿಸ್ಬೇಕು," ಎಂದ ನಿರ್ದೇಶಕ.

ಜಡೆ ಅಕ್ಕರೆಯಿಂದ ಬರೆದ. ಆದರೆ ಕಂಪ್ಯೂಟರಿನ ಡ್ರಮ್ಸ್ ಎಷ್ಟು ತಿದ್ದಿದರೂ ಹೆಣದ ಹಾಗೆ ಬಿದ್ದಿತ್ತು. ನಾಚಿಕೆ ಬಿಟ್ಟು ಅಕ್ಕನ ಶಾಲೆಗೆ ಹೋದ. ಅವಳು ಮೂರು ಜನಕ್ಕೆ ಪಾಠ ಮುಗಿಸುವವರೆಗೆ ಇವನನ್ನು ಬಿಸಿಲಲ್ಲಿ ನಿಲ್ಲಿಸಿದಳು.

"ಈ ಸಲ ನಿನ್ನ ಎಂಜಿನಿಯರ್ರು ಮರೆಯಲ್ವಾ?"

"ಇಲ್ಲ ಕಣೇ. ಆಣೆ."

ಬಂದಳು. ಎರವಲು ಡ್ರಮ್ಸಿನ ಮುಂದೆ ಕೂತು ಒಂದೇ ಸಲಕ್ಕೆ ನುಡಿಸಿದಳು. "ಥಿಯೇಟರಲ್ಲಿ ಕೇಳೋಕೆ ಬರ್ತೀನಿ" ಎಂದಷ್ಟೇ ಹೇಳಿ ಹೋದಳು.

ಪತ್ರಕರ್ತರಿಗಾಗಿ ಬೆಳಗಿನ ಪ್ರದರ್ಶನ. ಆ ದೃಶ್ಯ ಬಂತು. ಗಡಿಯಾರಗಳ ಟಿಕ್‌ಟಿಕ್ ಕೇಳಿಸಿತು. ಅಷ್ಟೇ ಕೇಳಿಸಿತು! ಎಲ್ಲ ಸದ್ದುಗಳನ್ನು ಬೆರೆಸುವ ಕೊನೆಯ ಮಿಕ್ಸಿಂಗಿನ ದಿನ ಎಂಜಿನಿಯರ್, ಟಿಕ್‌ಟಿಕ್ ಸ್ಪಷ್ಟವಾಗಿ ಕೇಳಲೆಂದು ಸಂಗೀತವನ್ನು ಆಫ್ ಮಾಡಿ, ಊಟಕ್ಕೆ ಎದ್ದುಹೋಗಿ, ಬಂದ ಮೇಲೆ ನಿಜಕ್ಕೂ ಮರೆತಿದ್ದ. ಆಮೇಲೆ ಹದಿನೇಳು ಜನ ಪರೀಕ್ಷಿಸಿ ನೋಡಿ, ಹದಿನೇಳು ಜನವೂ ಅದ್ಭುತ ಎಂದಿದ್ದರು.

ತೆರೆಯ ಮೇಲೆ ಗಡಿಯಾರಗಳು ಒಂದೊಂದಾಗಿ ನಿಂತವು. ಸಭಾಂಗಣದಲ್ಲಿ ಒಬ್ಬೊಬ್ಬರಾಗಿ ಬಿಕ್ಕತೊಡಗಿದರು. ನಿರ್ದೇಶಕ ಕೂಡ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಮೂರನೇ ಸಾಲಿನಲ್ಲಿ ಅಕ್ಕ ಮಾತ್ರ ಕೋಲು ನುಂಗಿದವಳಂತೆ ಕೂತಿದ್ದಳು.

ಚಿತ್ರ ಮುಗಿದದ್ದೇ ಜಡೆ ಓಡಿದ. "ಅಕ್ಕಾ, ಮಿಕ್ಸಿಂಗ್ ಎಂಜಿನಿಯರ್ ನಿನ್ನ ಟ್ರ್ಯಾಕ್ ಆನ್ ಮಾಡೋಕೆ ಮರೆತು..." ಅರ್ಧಕ್ಕೇ ನಾಲಿಗೆ ಕಚ್ಚಿಕೊಂಡ. ಎಂಟು ವರ್ಷದ ಹಿಂದಿನ ಅದೇ ಸುಳ್ಳು, ಅಕ್ಷರ ತಪ್ಪದೆ ಅದೇ. ಇದರಲ್ಲಿದ್ದ ದೋಷ ಒಂದೇ, ಈಗ ಅದು ನಿಜವಾಗಿತ್ತು.

"ಮಾತನ್ನಾದ್ರೂ ಬದಲಾಯಿಸ್ಬಾರ್ದಾ?" ಎಂದು ಅಕ್ಕ ಕಾರಿನ ಕೀಲಿ ಹುಡುಕತೊಡಗಿದಳು.

ಅಷ್ಟರಲ್ಲಿ ಜಡೆಯನ್ನು ವೇದಿಕೆಗೆ ಎಳೆದೊಯ್ದರು. ಪತ್ರಕರ್ತೆಯೊಬ್ಬಳು ಮೂಗೊರೆಸಿಕೊಳ್ಳುತ್ತ, "ಆ ದೃಶ್ಯಕ್ಕೆ ಸಂಗೀತವೇ ಬೇಡ ಅನ್ನೋ ಧೈರ್ಯ ಎಲ್ಲಿಂದ ಬಂತು ಸರ್?" ಎಂದು ಕೇಳಿದಳು.

ನಿರ್ದೇಶಕ ಕಿವಿಯಲ್ಲಿ ಉಸುರಿದ, "ಇಬ್ಬರ ಯೋಚನೆ ಅಂತ ಹೇಳ್ಬಿಡಿ. ಮುಂದಿನ ಮೂರು ಚಿತ್ರಾನೂ ನಿಮಗೇ."

ಸುಮ್ಮನೆ ಮುಗುಳ್ನಕ್ಕರೆ ಸಾಕಿತ್ತು. ನಗುವುದರಲ್ಲಿ ಜಡೆಗೆ ಎಂಟು ವರ್ಷದ ಅಭ್ಯಾಸವೂ ಇತ್ತು. ಆದರೆ ಅಕ್ಕ ಬಾಗಿಲ ಹತ್ತಿರ ಹೋಗಿದ್ದಳು. ಅವಳು ಆ ಬಾಗಿಲು ದಾಟಿದರೆ ಇನ್ನೆಂದೂ ತಿರುಗಿ ನೋಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

"ಧೈರ್ಯಾನೂ ಇಲ್ಲ, ಎಂಥದೂ ಇಲ್ಲ," ಎಂದ. "ಅಲ್ಲಿ ಸಂಗೀತ ಇತ್ತು. ನನ್ನ ಅಕ್ಕ ಡ್ರಮ್ಸ್ ನುಡಿಸಿದ್ಳು. ಆನ್ ಮಾಡೋದನ್ನ ಮರೆತಿದ್ದಾರೆ. ಎಂಟು ವರ್ಷದ ಹಿಂದೆ ಇದೇ ಮಾತನ್ನ ಅವಳಿಗೆ ಸುಳ್ಳು ಹೇಳಿದ್ದೆ. ಅವತ್ತು ಅವಳನ್ನ ತೆಗೆದುಹಾಕಿದ್ದು ನಾನೇ. ಇವತ್ತು ನಾನಲ್ಲ."

ಸಭೆ ಗೊಳ್ಳೆಂದು ನಕ್ಕು, ಎದ್ದು ನಿಂತು ಚಪ್ಪಾಳೆ ತಟ್ಟಿತು. ಎಂಥ ವಿನಯ, ಎಂಥ ಹಾಸ್ಯಪ್ರಜ್ಞೆ! ನಗದವರು ಮೂವರೇ. ನಿರ್ದೇಶಕ ಕನ್ನಡಕ ಏರಿಸಿಕೊಂಡು, ಮುಂದಿನ ಮೂರು ಚಿತ್ರಗಳನ್ನು ಮನಸ್ಸಿನಲ್ಲೇ ಬೇರೆಯವರಿಗೆ ಒಪ್ಪಿಸಿದ. ಮಿಕ್ಸಿಂಗ್ ಎಂಜಿನಿಯರ್ ಮುಖ ಬಿಳಿಚಿಕೊಂಡು ಕುರ್ಚಿಯಲ್ಲಿ ಒಂದು ಗೇಣು ಕೆಳಗೆ ಜಾರಿದ. ಬಾಗಿಲಲ್ಲಿ ನಿಂತ ಅಕ್ಕ ಆ ಬಿಳಿಚಿದ ಮುಖವನ್ನೇ ಬಹಳ ಹೊತ್ತು ನೋಡಿದಳು.

ಹೊರಗೆ ಅವಳು ಶಾಲೆಯ ಕಾರಿನ ಕೀಲಿಯನ್ನು ಅವನತ್ತ ಎಸೆದು, ಅಭ್ಯಾಸದಂತೆ ಚಾಲಕನ ಪಕ್ಕದ ಸೀಟಿಗೆ ಹೋದಳು.

"ಅವತ್ತಿಂದು ಸುಳ್ಳು ಅಂತ ಅವತ್ತೇ ಗೊತ್ತಿತ್ತು ಕಣೋ," ಎಂದಳು, ಕಾರು ರಸ್ತೆಗಿಳಿದ ಮೇಲೆ. "ನೀನಾಗೇ ಹೇಳ್ತೀಯೇನೋ ಅಂತ ಕಾದೆ. ಎಂಟು ವರ್ಷ ಬೇಕಾಯ್ತಾ?"

ಜಡೆಗೆ ಅಳು ಬಂತು. ತೋಳಿನಿಂದ ಕಣ್ಣೊರೆಸಿಕೊಂಡು ಗೇರು ಬದಲಾಯಿಸಿದ.

"ನಾನು ನುಡಿಸಿದ್ದು ಫೋನಲ್ಲಿದೆಯಾ? ಹಾಕು."

ಹಾಕಿದ. ಮೊದಲಿಗೆ ಗಿಟಾರೊಂದೇ ಕೇಳಿಸಿತು. ಅಕ್ಕ ಕಿಟಕಿಯಾಚೆ ನೋಡುತ್ತಿದ್ದಳು. ಡ್ರಮ್ಸ್ ಶುರುವಾಗುವ ಜಾಗ ಬಂದದ್ದೇ ತಡ, ಕಾರು ಗಕ್ಕನೆ ಮುಗ್ಗರಿಸಿತು. ರಸ್ತೆಯಲ್ಲಿ ಅಡ್ಡ ಏನೂ ಇರಲಿಲ್ಲ. ಮತ್ತೆ ಮುಗ್ಗರಿಸಿತು, ಮತ್ತೆ. ಗಾಬರಿಯಾಗಿ ಬಗ್ಗಿ ನೋಡಿದರೆ, ಅಕ್ಕನ ಬಲಗಾಲು ಎರಡನೇ ಬ್ರೇಕಿನ ಮೇಲಿತ್ತು. ಹಿಂದಿನಿಂದ ಹಾರ್ನುಗಳು ಬೊಬ್ಬಿಟ್ಟವು.

"ಅಕ್ಕಾ, ಅದು ಬ್ರೇಕು!"

"ಗೊತ್ತು. ನೀನು ಓಡಿಸು."

ಅವನು ಓಡಿಸಿದ. ಬೀದಿಯ ತುದಿಯವರೆಗೂ ಕಾರು ತಾಳ ತಪ್ಪದೆ ಮುಗ್ಗರಿಸುತ್ತ ಹೋಯಿತು.